ತೋಟದ ಪುಟ್ಟ ಯಂತ್ರಕ್ಕೆ ಯಾವ ಭಾಷೆ ಕಲಿಸೋಣ?



2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ತಾಲ್ಲೂಕುಗಳು ಐದು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. ಇಲ್ಲಿ ಅಡಿಕೆ ಹಾಕಿದವರು ಮಲೆನಾಡಿನವರಂತೆ ಮಳೆಯನ್ನು ನಂಬಿ ಹಾಕಿದವರಲ್ಲ. ಬೋರಿನ ನೀರು, ಪಾಳಿಯ ಕರೆಂಟು, ಡ್ರಿಪ್ಪಿನ ಪೈಪು, ಈ ಮೂರನ್ನು ನಂಬಿದವರು. ಕೊಟ್ಟೂರೇಶ್ವರನ ತೇರು ಮುಗಿದು ಬಿಸಿಲು ಏರಿತೆಂದರೆ ಈ ಮೂರರಲ್ಲಿ ಒಂದು ಕೈಕೊಟ್ಟರೂ ಗಿಡ ಸೊರಗುತ್ತದೆ. ನಾಲ್ಕೈದು ವರ್ಷ ಸಾಕಿದ ತೋಟ ಒಂದೇ ಬೇಸಿಗೆಯಲ್ಲಿ ಕೈಬಿಟ್ಟು ಹೋಗಬಹುದು.

ಹೀಗಿರುವಾಗ ಮಣ್ಣಿನ ತೇವ ಅಳೆಯುವ, ಮಳೆ ಲೆಕ್ಕವಿಡುವ, ನೀರು ಬರುತ್ತಿದೆಯೋ ಇಲ್ಲವೋ ತಿಳಿಸುವ ಸಣ್ಣ ಯಂತ್ರಗಳ ಮೇಲೆ ನಮ್ಮ ಬೆಳೆಗಾರರಿಗೂ, ಓದುತ್ತಿರುವ ಅವರ ಮಕ್ಕಳಿಗೂ ಆಸಕ್ತಿ ಹುಟ್ಟಿರುವುದು ಸಹಜ. ಇಂಥ ಯಂತ್ರದ ಜೀವ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪು. ಅದನ್ನು ಮನೆಯಲ್ಲೇ ಕಲಿತು ಜೋಡಿಸಬಹುದು. ಆದರೆ ಕಲಿಯ ಹೊರಟವರು ಮೊದಲ ದಿನವೇ ಎಡವುವುದು ಒಂದು ಪ್ರಶ್ನೆಯಲ್ಲಿ: ಯಾವ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದು, ಯಾವ ಬೋರ್ಡು ಕೊಳ್ಳುವುದು? ಈ ಪಾಠದಲ್ಲಿ ಅದನ್ನು ವಿಚಾರ ಮಾಡೋಣ.

ಮೈಕ್ರೋಕಂಟ್ರೋಲರ್ ಎಂದರೇನು?

ಇದು ಒಂದೇ ಕೆಲಸವನ್ನು ಹಗಲಿರುಳು ಮಾಡುವ ಪುಟ್ಟ ಗಣಕ. ಇದರ ಕಾಲುಗಳಲ್ಲಿ ಕೆಲವು ಸುದ್ದಿ ಕೇಳುತ್ತವೆ, ಕೆಲವು ಆಜ್ಞೆ ಕೊಡುತ್ತವೆ. ಸೆನ್ಸರ್ ಕಡೆಯಿಂದ ಬಂದ ಸುದ್ದಿಯನ್ನು ನಾವು ಬರೆದ ಪ್ರೋಗ್ರಾಮಿನ ಪ್ರಕಾರ ವಿಚಾರಿಸಿ, ದೀಪ ಹಚ್ಚುವುದು, ಅಂಕಿ ತೋರಿಸುವುದು, ಸಂದೇಶ ಕಳಿಸುವುದು ಇದರ ಕೆಲಸ.

ಇದರ ನೆನಪು ಬಹಳ ಚಿಕ್ಕದೆಂಬುದನ್ನು ಮರೆಯಬಾರದು. ಆರಂಭಿಕರಲ್ಲಿ ಹೆಚ್ಚು ಬಳಕೆಯಲ್ಲಿರುವ ಆರ್ಡುಯಿನೋ ಊನೋ ಬೋರ್ಡಿನ ಹಳೆಯ ಆರ್-3 ಮಾದರಿಯಲ್ಲಿ ಪ್ರೋಗ್ರಾಮ್ ಇಡಲು 32 ಕಿಲೋಬೈಟ್, ಕೆಲಸ ಮಾಡುವಾಗ ಬಳಸುವ ನೆನಪು 2 ಕಿಲೋಬೈಟ್ ಮಾತ್ರ. ಗಣಕದಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಅಂದರೆ ಈ ಲೇಖನದ ಮೊದಲ ಒಂದೆರಡು ಪ್ಯಾರಾ ತುಂಬುವಷ್ಟರಲ್ಲಿ ಅದರ ನೆನಪು ಮುಗಿಯಿತು. ಆದರೂ ಮಳೆ ಎಣಿಸಲು, ತೇವ ನೋಡಲು ಇಷ್ಟು ಧಾರಾಳ.

ಭಾಷೆಗಳಲ್ಲಿ ಇರುವ ಮುಖ್ಯ ಭೇದ

ಚಿಪ್ಪಿಗೆ ತಿಳಿಯುವುದು ಸೊನ್ನೆ-ಒಂದರ ಯಂತ್ರಭಾಷೆ ಮಾತ್ರ. ನಾವು ಬರೆದದ್ದನ್ನು ಅದಕ್ಕೆ ತಿಳಿಯುವಂತೆ ಮಾಡಲು ಎರಡು ದಾರಿಗಳುಂಟು.

ಒಂದು, ಅರ್ಜಿಯನ್ನು ಮನೆಯಲ್ಲೇ ಪೂರ್ತಿ ಅನುವಾದ ಮಾಡಿಸಿಕೊಂಡು ಕಚೇರಿಗೆ ಒಯ್ಯುವ ದಾರಿ. ಅನುವಾದವೆಲ್ಲ ಲ್ಯಾಪ್‌ಟಾಪಿನಲ್ಲೇ ಮುಗಿದು, ಬೋರ್ಡಿಗೆ ಹೋಗುವುದು ಯಂತ್ರಭಾಷೆಯ ಪ್ರತಿ. ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳು ಹೀಗೆ. ಇವು ಕಡಿಮೆ ನೆನಪಿನಲ್ಲಿ ಚುರುಕಾಗಿ ಓಡುತ್ತವೆ. ಆದರೆ ಪ್ರತಿ ತಿದ್ದುಪಡಿಗೂ ಮತ್ತೆ ಅನುವಾದಿಸಿ ಮತ್ತೆ ಕಳಿಸಬೇಕು.

ಇನ್ನೊಂದು, ದುಭಾಷಿಯನ್ನು ಜೊತೆಗೇ ಕರೆದುಕೊಂಡು ಹೋಗುವ ದಾರಿ. ದುಭಾಷಿ ಬೋರ್ಡಿನಲ್ಲೇ ಕುಳಿತಿರುತ್ತಾನೆ. ನಾವು ಒಂದು ಸಾಲು ಬರೆದರೆ ಆ ಕ್ಷಣವೇ ಉತ್ತರ. ಮೈಕ್ರೋಪೈಥಾನ್ ಇಂಥದ್ದು. ಕಲಿಯುವವರಿಗೆ ಇದು ಬಲು ಅನುಕೂಲ. ಆದರೆ ದುಭಾಷಿಗೂ ಕೂರಲು ಜಾಗ ಬೇಕು. ಮೈಕ್ರೋಪೈಥಾನಿಗೆ ಸುಮಾರು 256 ಕಿಲೋಬೈಟ್ ಪ್ರೋಗ್ರಾಮ್ ಜಾಗವೂ 16 ಕಿಲೋಬೈಟ್ ಕೆಲಸದ ನೆನಪೂ ಬೇಕಾಗುವುದರಿಂದ ಊನೋ ಆರ್-3ರಲ್ಲಿ ಅದು ಓಡುವುದಿಲ್ಲ. ಬೋರ್ಡು ಕೊಂಡ ಮೇಲೆ ಭಾಷೆ ಹುಡುಕುವವರು ನಿರಾಶರಾಗುವುದು ಇಲ್ಲಿಯೇ.

ಆರಂಭಿಕರ ಮುಂದಿರುವ ನಾಲ್ಕು ದಾರಿಗಳು

1. ಬ್ಲಾಕ್ ಜೋಡಣೆ: ಅಕ್ಷರ ಬರೆಯದೆ, ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಪ್ರೋಗ್ರಾಮ್ ಮಾಡುವ ವಿಧಾನ. ಬ್ರಿಟನ್ನಿನಲ್ಲಿ 2016ರಲ್ಲಿ ಶಾಲಾ ಮಕ್ಕಳಿಗೆ ಹಂಚಿದ ಮೈಕ್ರೋಬಿಟ್ ಬೋರ್ಡು ಇದರಿಂದ ಹೆಸರಾಯಿತು. ಐದಾರನೇ ತರಗತಿಯ ಮಕ್ಕಳಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು. ತೋಟದಲ್ಲಿ ವರ್ಷವಿಡೀ ಇಡುವ ಯಂತ್ರಕ್ಕೆ ಸಾಲದು.

2. ಮೈಕ್ರೋಪೈಥಾನ್: ಪೈಥಾನ್ ಭಾಷೆ 1991ರಲ್ಲಿ ಹೊರಬಂದದ್ದು. ಅದನ್ನು ಸಣ್ಣ ಚಿಪ್ಪುಗಳಿಗೆ ಒಗ್ಗಿಸುವ ಕೆಲಸವನ್ನು ಡೇಮಿಯನ್ ಜಾರ್ಜ್ 2013ರಲ್ಲಿ ಜನರಿಂದ ಹಣ ಕೂಡಿಸಿ ಮುಂದುವರಿಸಿದರು. ಓದಲು ಸರಳ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪೀಕೋ ಬೋರ್ಡಿನಲ್ಲಿ 264 ಕಿಲೋಬೈಟ್ ಕೆಲಸದ ನೆನಪಿರುವುದರಿಂದ ದುಭಾಷಿ ನಿರಾಳವಾಗಿ ಕೂರುತ್ತಾನೆ. ಇಎಸ್‌ಪಿ-32 ಬೋರ್ಡಿನಲ್ಲಿಯೂ ಓಡುತ್ತದೆ.

3. ಆರ್ಡುಯಿನೋ ಸಿ ಪ್ಲಸ್ ಪ್ಲಸ್: 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ, ವಿದ್ಯುತ್ ವಿದ್ಯೆ ಓದದ ವಿದ್ಯಾರ್ಥಿಗಳಿಗೂ ಎಟುಕಲೆಂದು ಆರಂಭವಾದ ವ್ಯವಸ್ಥೆ. ಸಿ ಪ್ಲಸ್ ಪ್ಲಸ್ ಭಾಷೆಯ ಕಠಿಣ ಭಾಗಗಳನ್ನು ಒಳಗೆ ಮುಚ್ಚಿಟ್ಟು ಸುಲಭ ಆಜ್ಞೆಗಳನ್ನು ಮುಂದಿಟ್ಟಿದೆ. ಅಂಗಡಿಯಲ್ಲಿ ಸಿಗುವ ಯಾವ ಸೆನ್ಸರ್ ಕೊಂಡರೂ ಇದಕ್ಕೆ ಬರೆದ ಮಾದರಿ ಪ್ರೋಗ್ರಾಮ್ ಬಹುಮಟ್ಟಿಗೆ ಸಿಕ್ಕೇ ಸಿಗುತ್ತದೆ. ಇದೇ ಇದರ ದೊಡ್ಡ ಬಲ.

4. ಬರಿಯ ಸಿ ಮತ್ತು ಅಸೆಂಬ್ಲಿ: ಸಿ ಭಾಷೆಯನ್ನು 1972ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದರು. 1980ರಲ್ಲಿ ಇಂಟೆಲ್ ಕಂಪನಿ ಹೊರತಂದ 8051 ಚಿಪ್ಪನ್ನು ಮುಂದಿಟ್ಟುಕೊಂಡು ನಮ್ಮ ಕಾಲೇಜುಗಳಲ್ಲಿ ಬಹುಕಾಲ ಇದೇ ಪಾಠ ನಡೆಯಿತು. ಚಿಪ್ಪಿನ ಒಳಗುಟ್ಟು ತಿಳಿಯಲು ಇದರಂಥ ದಾರಿ ಬೇರಿಲ್ಲ. ಆದರೆ ಒಂದು ದೀಪ ಹಚ್ಚಲೂ ಚಿಪ್ಪಿನ ಪುಸ್ತಕ ತೆರೆಯಬೇಕಾಗುವುದರಿಂದ ಬೆಳೆಗಾರನ ಮೊದಲ ಹೆಜ್ಜೆಗೆ ತಕ್ಕುದಲ್ಲ.

ಕೆಲಸ ನೋಡಿ ಭಾಷೆ ಆರಿಸಿ

ಯಾವ ಭಾಷೆ ಉತ್ತಮ ಎಂದು ಕೇಳುವುದು, ಯಾವ ಕತ್ತಿ ಉತ್ತಮ ಎಂದು ಕೇಳಿದಂತೆ. ಕೊನೆ ಕೊಯ್ಯುವ ಕತ್ತಿಯೇ ಬೇರೆ, ಅಡಿಕೆ ಸುಲಿಯುವ ಕತ್ತಿಯೇ ಬೇರೆ. ಮೂರು ಕೆಲಸಗಳನ್ನು ತೆಗೆದುಕೊಂಡು ನೋಡೋಣ.

ಮೊದಲನೆಯದು ಮಳೆಮಾಪಕ. ಕಾಫಿ ತೋಟದವರು ಹೂಮಳೆಯ ಲೆಕ್ಕವನ್ನು ತಲೆಮಾರುಗಳಿಂದ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ. ಮಳೆ ಕಡಿಮೆಯಿರುವ ನಮ್ಮ ಕಡೆಗೆ ಈ ಲೆಕ್ಕ ಇನ್ನೂ ಹೆಚ್ಚು ಬೇಕು. ಮಗುಚುವ ಬಟ್ಟಲಿನ ಮಾಪಕದಲ್ಲಿ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಒಂದು ಸ್ವಿಚ್ಚು ಕೂಡಿ ಬಿಡುತ್ತದೆ. ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್ ಇದ್ದು, ಬಟ್ಟಲು 4 ಮಿಲಿಲೀಟರಿಗೆ ಮಗುಚಿದರೆ, ಒಂದು ಮಗುಚಿಗೆ 0.2 ಮಿಲಿಮೀಟರ್ ಮಳೆ. ಒಂದು ಅಂಗುಲ ಮಳೆಗೆ 127 ಮಗುಚು. ಇಲ್ಲಿ ಬೇಕಾದುದು ಒಂದನ್ನೂ ಬಿಡದೆ ಎಣಿಸುವುದು ಮಾತ್ರ. ಇದಕ್ಕೆ ಊನೋ ಬೋರ್ಡು, ಆರ್ಡುಯಿನೋ ಭಾಷೆ ಸಾಕು.

ಎರಡನೆಯದು ಮಣ್ಣಿನ ತೇವದ ದಾಖಲೆ. ಅರ್ಧ ಅಡಿ ಆಳದಲ್ಲಿ ಒಂದು, ಒಂದೂವರೆ ಅಡಿಯಲ್ಲಿ ಒಂದು ಸೆನ್ಸರ್ ಹೂತು ಗಂಟೆಗೊಮ್ಮೆ ಅಂಕಿ ಬರೆದಿಡಬೇಕು. ವಾರಕ್ಕೊಮ್ಮೆ ಲ್ಯಾಪ್‌ಟಾಪಿಗೆ ತೆಗೆದು ನೋಡಬೇಕು. ಪೀಕೋ ಬೋರ್ಡು, ಮೈಕ್ರೋಪೈಥಾನ್ ಇದಕ್ಕೆ ಹೇಳಿಮಾಡಿಸಿದ್ದು. ಕಾರಣ, ಬೋರ್ಡಿನಲ್ಲೇ ಕಡತ ಬರೆಯಬಹುದು, ಲೆಕ್ಕ ಬದಲಿಸುವುದೂ ಸುಲಭ. ಆದರೆ ಕರೆಂಟು ಹೋದರೆ ಪೀಕೋ ಹೊತ್ತು ಮರೆಯುತ್ತದೆ. ಗುಂಡಿ ಸೆಲ್ಲಿನ ಗಡಿಯಾರದ ಚಿಪ್ಪೊಂದನ್ನು ಕೂಡಿಸಬೇಕು.

ಸೆನ್ಸರ್ ವಿಷಯದಲ್ಲಿ ಎರಡು ಮಾತು. ಎರಡು ಲೋಹದ ಕಡ್ಡಿಗಳ ಅಗ್ಗದ ಸೆನ್ಸರ್ ಮಣ್ಣಿನಲ್ಲಿ ಬೇಗ ಸವೆದುಹೋಗುತ್ತದೆ. ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಮಾದರಿ ಬಾಳಿಕೆ ಬರುತ್ತದೆ. ಇದರಲ್ಲಿ ಸಾಮಾನ್ಯವಾಗಿ ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ. ಎರೆ ಹೊಲದ ಅಂಕಿ ಮಸಾರಿಗೆ ಸಲ್ಲುವುದಿಲ್ಲ. ನಿಮ್ಮ ಹೊಲದ ಮಣ್ಣನ್ನೇ ತಂದು, ಪೂರ್ಣ ಒಣಗಿಸಿ ಒಂದು ಅಂಕಿ, ನೀರು ಕುಡಿಸಿ ಬಸಿದ ಮೇಲೆ ಒಂದು ಅಂಕಿ ಬರೆದುಕೊಳ್ಳಿ. ಈ ಎರಡರ ನಡುವೆ ನಿಮ್ಮ ಗಿಡದ ಕಥೆ ಇರುತ್ತದೆ.

ಮೂರನೆಯದು ಮನೆಗೆ ಸಂದೇಶ ಕಳಿಸುವುದು. ಇಎಸ್‌ಪಿ-32 ಬೋರ್ಡಿನಲ್ಲಿ ವೈಫೈ ಇದೆ. ಆದರೆ ಬೋರಿನ ಬಳಿ ವೈಫೈ ಎಲ್ಲಿಂದ ಬರಬೇಕು? ಸಿಮ್ ಹಾಕುವ ಜಿಎಸ್‌ಎಂ ಘಟಕ ಬೇಕಾಗುತ್ತದೆ. ಅಗ್ಗದ ಘಟಕಗಳಲ್ಲಿ ಕೆಲವು 2ಜಿ ಮಾತ್ರ ಬಲ್ಲವು. 2ಜಿ ಇಲ್ಲದ ಜಿಯೋ ಸಿಮ್ ಅವುಗಳಲ್ಲಿ ನಡೆಯದು. ಕರೆ ಹೋಗುವ ಕ್ಷಣದಲ್ಲಿ ಅವು 2 ಆಂಪಿಯರ್ ವರೆಗೂ ಎಳೆಯುವುದರಿಂದ ಬಡ ಚಾರ್ಜರಿನಲ್ಲಿ ಯಂತ್ರವೇ ನಿಂತುಹೋಗುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪೆಂದು ವಾರಗಟ್ಟಲೆ ತಲೆಕೆಡಿಸಿಕೊಂಡರೂ ದೋಷ ಚಾರ್ಜರಿನದೇ ಆಗಿರಬಹುದು. ಆದುದರಿಂದ ಈ ಕೆಲಸ ಮೊದಲ ವರ್ಷಕ್ಕೆ ಬೇಡ.

ಯಾರಿಗೆ ಯಾವುದು?

ಎಲ್ಲವನ್ನೂ ತೂಗಿ ನೋಡಿ ನಾವು ಕೊಡುವ ಸಲಹೆ ಇಷ್ಟು. ಮನೆಯಲ್ಲಿ ಪೈಥಾನ್ ಕಲಿತ ಮಗನೋ ಮಗಳೋ ಇದ್ದರೆ ಪೀಕೋ ಮತ್ತು ಮೈಕ್ರೋಪೈಥಾನಿನಿಂದ ಆರಂಭಿಸಿ. ಯಾರೂ ಇಲ್ಲದೆ, ನೀವೇ ಮಾದರಿ ನೋಡಿ ಕಲಿಯುವುದಾದರೆ ಆರ್ಡುಯಿನೋ ಹಿಡಿಯಿರಿ. ಎರಡೂ ಸಮವೆನಿಸಿದರೆ, ನಿಮ್ಮೂರಿನಲ್ಲಿ ಅಥವಾ ಪಕ್ಕದೂರಿನಲ್ಲಿ ಇನ್ನೊಬ್ಬರು ಬಲ್ಲ ಭಾಷೆ ಯಾವುದೋ ಅದೇ ನಿಮ್ಮ ಭಾಷೆ. ಏಪ್ರಿಲ್ ಬಿಸಿಲಿನಲ್ಲಿ ಯಂತ್ರ ನಿಂತಾಗ ನೆರವಿಗೆ ಬರುವವನು ಭಾಷೆ ಕಂಡುಹಿಡಿದವನಲ್ಲ, ಸೈಕಲ್ಲಿನಲ್ಲಿ ಬರಬಲ್ಲ ನೆರೆಯವನು.

ಬೇಕಾಗುವ ಸಲಕರಣೆಗಳು

ಹಳೆಯ ಲ್ಯಾಪ್‌ಟಾಪ್ ಸಾಕು. ಆರ್ಡುಯಿನೋ ತಂತ್ರಾಂಶವೂ, ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಥಾನಿ ಎಂಬ ಪೈಥಾನ್ ತಂತ್ರಾಂಶವೂ ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತವೆ. ಪೇಟೆಗೆ ಹೋದಾಗ, ಬೇಕಾಗುವ ಲೈಬ್ರರಿಗಳನ್ನೂ ಕೂಡಿಯೇ ಇಳಿಸಿಕೊಂಡು ಬರುವುದು ಒಳ್ಳೆಯದು. ಬೋರ್ಡು ಕೊಳ್ಳುವ ಮುನ್ನ ವೋಕ್ವಿ, ಟಿಂಕರ್‌ಕ್ಯಾಡ್ ಎಂಬ ತಾಣಗಳಲ್ಲಿ ಪರದೆಯ ಮೇಲೆಯೇ ವೈರು ಜೋಡಿಸಿ ಅಭ್ಯಾಸ ಮಾಡಬಹುದು. ಇವಕ್ಕೆ ಮಾತ್ರ ಇಂಟರ್ನೆಟ್ ಬೇಕು.

ಯುಎಸ್‌ಬಿ ಕೇಬಲ್ ಬಗ್ಗೆ ಎಚ್ಚರ. ಮೊಬೈಲಿನ ಕೆಲವು ಕೇಬಲ್‌ಗಳು ಚಾರ್ಜಿಗೆ ಮಾತ್ರ. ಬೋರ್ಡಿನ ದೀಪ ಉರಿಯುತ್ತದೆ, ಪ್ರೋಗ್ರಾಮ್ ಹೋಗುವುದಿಲ್ಲ. ಡೇಟಾ ಕೇಬಲ್ ಎಂದೇ ಕೇಳಿ ಪಡೆಯಿರಿ. ಅಗ್ಗದ ಊನೋ ನಕಲುಗಳಿಗೆ ಸಿಎಚ್-340 ಎಂಬ ಡ್ರೈವರ್ ಬೇಕಾಗಬಹುದು. ಒಂದು ಮಲ್ಟಿಮೀಟರ್, ಬೆಸುಗೆಯಿಲ್ಲದೆ ವೈರು ಚುಚ್ಚುವ ಬ್ರೆಡ್‌ಬೋರ್ಡು, ಒಂದಿಷ್ಟು ವೈರು ಇದ್ದರೆ ಸಲಕರಣೆ ಮುಗಿಯಿತು. ಊನೋ 5 ವೋಲ್ಟಿನ ಬೋರ್ಡು. ಪೀಕೋ ಮತ್ತು ಇಎಸ್‌ಪಿ-32 ಬೋರ್ಡುಗಳ ಕಾಲುಗಳು 3.3 ವೋಲ್ಟಿನವು. ಅವಕ್ಕೆ 5 ವೋಲ್ಟಿನ ಸುದ್ದಿಯ ವೈರು ನೇರ ಕೊಟ್ಟರೆ ಚಿಪ್ಪು ಕೆಡುತ್ತದೆ.

ಯಾವ ಭಾಷೆಯಾದರೂ ಪಾಲಿಸಬೇಕಾದ ನಿಯಮಗಳು

ಒಂದು: ಕರೆಂಟು ಹೋಗಿ ಬಂದರೆ ಪ್ರೋಗ್ರಾಮ್ ಮೊದಲಿನಿಂದ ಆರಂಭವಾಗುತ್ತದೆ. ಆಗ ಯಂತ್ರ ಯಾವ ಸ್ಥಿತಿಯಲ್ಲಿರಬೇಕೆಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಎಲ್ಲವೂ ಬಂದ್ ಇರುವುದೇ ಕ್ಷೇಮದ ಸ್ಥಿತಿ.

ಎರಡು: ಊನೋ ಬೋರ್ಡಿನಲ್ಲಿ ಕರೆಂಟು ಹೋದರೂ ಉಳಿಯುವ 1 ಕಿಲೋಬೈಟ್ ನೆನಪಿದೆ. ಒಂದೊಂದು ಮನೆಗೆ ಸುಮಾರು 1 ಲಕ್ಷ ಸಲ ಬರೆಯಬಹುದು. ನಿಮಿಷಕ್ಕೊಮ್ಮೆ ಅದೇ ಮನೆಗೆ ಬರೆದರೆ ದಿನಕ್ಕೆ 1,440. ಎಪ್ಪತ್ತು ದಿನದೊಳಗೆ ಲಕ್ಷ ಮುಗಿಯಿತು. ಗಂಟೆಗೊಮ್ಮೆ ಬರೆದರೆ ಹನ್ನೊಂದು ವರ್ಷ ಬಾಳುತ್ತದೆ.

ಮೂರು: ಡಿಲೇ ಎಂಬ ಆಜ್ಞೆ ಕೊಟ್ಟಷ್ಟು ಹೊತ್ತು ಪ್ರೋಗ್ರಾಮಿನ ಮುಂದಿನ ಸಾಲುಗಳು ಕಾಯುತ್ತ ನಿಲ್ಲುತ್ತವೆ. ಕಾವಲಿಗೆ ಕೂರಿಸಿದವನಿಗೆ ನಾವೇ ನಿದ್ದೆ ಮಾಡೆಂದು ಹೇಳಿದಂತೆ. ಹೊತ್ತು ನೋಡಿಕೊಳ್ಳುವ ಮಿಲ್ಲಿಸ್ ಆಜ್ಞೆ ಕಲಿಯಿರಿ. ಅದರ ಎಣಿಕೆ ಸುಮಾರು 49 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಈಗಿನ ಅಂಕಿಯಿಂದ ಹಿಂದಿನ ಅಂಕಿ ಕಳೆದು ನೋಡುವ ಕ್ರಮದಲ್ಲಿ ಬರೆದರೆ ತೊಂದರೆಯಿಲ್ಲ.

ನಾಲ್ಕು: ಊನೋ ಬೋರ್ಡು ಸುಮ್ಮನಿದ್ದರೂ ಸುಮಾರು 50 ಮಿಲಿಆಂಪಿಯರ್ ಎಳೆಯುತ್ತದೆ. 2,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ 40 ಗಂಟೆಗೆ ಖಾಲಿ. ತೋಟದಲ್ಲಿ ಇಡುವುದಾದರೆ ಸಣ್ಣ ಸೌರಫಲಕ ಬೇಕೇ ಬೇಕು.

ಐದು: ಪ್ರೋಗ್ರಾಮಿನ ನಡುವೆ ಟಿಪ್ಪಣಿ ಬರೆಯಲು ಎರಡೂ ಭಾಷೆಗಳಲ್ಲಿ ಅವಕಾಶವುಂಟು, ಅದನ್ನು ಕನ್ನಡದಲ್ಲೇ ಬರೆಯಬಹುದು. ಆಜ್ಞೆಗಳು ಇಂಗ್ಲಿಷಿನಲ್ಲಿದ್ದರೇನಂತೆ, "ಇದು ಎರೆ ಹೊಲದ ಒಣ ಅಂಕಿ", "ಇದು ಮೂರನೇ ಸಾಲಿನ ಗಿಡ" ಎಂದು ಬರೆದಿಟ್ಟರೆ ಮಗ ಓದಲು ಪರಸ್ಥಳಕ್ಕೆ ಹೋದ ಮೇಲೂ ತಾಯಿ ಅದನ್ನು ಓದಿ ಯಂತ್ರ ನಡೆಸಬಲ್ಲಳು.

ಸ್ಟಾರ್ಟರ್ ಮುಟ್ಟಬೇಡಿ

ತೇವ ಕಡಿಮೆಯಾದರೆ ಮೋಟಾರು ತಾನೇ ಶುರುವಾಗಲಿ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಮೊದಲ ವರ್ಷ ಈ ಆಸೆಗೆ ಕಡಿವಾಣ ಹಾಕಬೇಕು. ತ್ರೀ ಫೇಸ್ ಸ್ಟಾರ್ಟರಿನಲ್ಲಿ ಹರಿಯುವುದು ಪ್ರಾಣ ತೆಗೆಯುವ ಕರೆಂಟು. ಸೆನ್ಸರಿನ ವೈರು ಕಿತ್ತುಬಂದು ಯಂತ್ರವು ಮಣ್ಣು ಒಣಗಿದೆ ಎಂದು ತಪ್ಪು ತಿಳಿದರೆ, ನೀರಿಲ್ಲದ ಬೋರಿನಲ್ಲಿ ಮೋಟಾರು ಓಡಿ ಸುಟ್ಟೀತು. ಫೋನಿನಿಂದ ಪಂಪು ನಡೆಸುವ ಸಾಧನಗಳು ಇಲ್ಲವೆಂದಲ್ಲ. ಪುಣೆಯ ಸಂತೋಷ್ ಓಸ್ತವಾಲ್ ಅವರು ರೂಪಿಸಿದ ನ್ಯಾನೋ ಗಣೇಶ್ ಅದಕ್ಕೆ ಹೆಸರಾದುದು. ಅಂಥ ಸಾಧನದ ಹಿಂದೆ ವರ್ಷಗಳ ಪರೀಕ್ಷೆ ಇರುತ್ತದೆ. ಕಲಿಯುವವರ ಬ್ರೆಡ್‌ಬೋರ್ಡು ಅದಕ್ಕೆ ಸಮವಲ್ಲ.

ಆದ್ದರಿಂದ ನಿಮ್ಮ ಯಂತ್ರ ಮೊದಲ ವರ್ಷ ವರದಿಗಾರನಾಗಿರಲಿ, ಯಜಮಾನನಾಗುವುದು ಬೇಡ. ಅದು ಅಂಕಿ ಹೇಳಲಿ. ಗುಂಡಿ ಒತ್ತುವವರು ನೀವಾಗಿರಿ. ಇಷ್ಟರಿಂದಲೇ ಲಾಭವುಂಟು. ಒಂಬತ್ತು ಅಡಿ ಅಂತರದ ಒಂದು ಎಕರೆಯಲ್ಲಿ ಸುಮಾರು 537 ಗಿಡಗಳು. ಗಿಡಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್ ಇಟ್ಟು ಎರಡು ಗಂಟೆ ಬಿಟ್ಟರೆ 16 ಲೀಟರ್, ಎಕರೆಗೆ ಸುಮಾರು 8,600 ಲೀಟರ್. ಬೇಸಿಗೆ ಮಳೆ ಬಿದ್ದ ಮರುದಿನ ಕೆಳಗಿನ ಸೆನ್ಸರ್ "ತೇವ ಇದೆ" ಎಂದರೆ ಆ ದಿನದ ಅಷ್ಟೂ ನೀರು ಬೋರಿನಲ್ಲೇ ಉಳಿಯಿತು. ಮೇಲೆ ಒದ್ದೆ, ಕೆಳಗೆ ಒಣ ಎಂದು ಅಂಕಿ ಹೇಳಿದರೆ ನೀರು ಬೇರಿಗೆ ಇಳಿಯುತ್ತಿಲ್ಲವೆಂದು ತಿಳಿಯಿತು. ಕಣ್ಣಿಗೆ ಕಾಣದ್ದನ್ನು ಇಷ್ಟು ಹೇಳಿದರೆ ಬೋರ್ಡಿನ ಬೆಲೆ ತೀರಿದಂತೆಯೇ.

ನೆರವು ಎಲ್ಲಿ?

2016ರಿಂದ ಕೇಂದ್ರ ಸರ್ಕಾರದ ಯೋಜನೆಯಡಿ ಹಲವು ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಇದೆಯೇ ಎಂದು ವಿಚಾರಿಸಿ. ಹೂವಿನಹಡಗಲಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುವ ಹೊತ್ತಿನಲ್ಲಿ ನಿಮ್ಮ ತೋಟದ ಪ್ರಶ್ನೆಯನ್ನು ಅವರ ಮುಂದಿಡಬಹುದು. ಒಂದು ಊರಿನ ನಾಲ್ಕು ಬೆಳೆಗಾರರು ಒಂದೇ ಬೋರ್ಡು, ಒಂದೇ ಭಾಷೆ ಹಿಡಿದರೆ ಒಬ್ಬರ ಪ್ರೋಗ್ರಾಮ್ ಮೂವರಿಗೆ ಬರುತ್ತದೆ. ಸಹಕಾರವೆಂದರೆ ಇದೇ ತಾನೇ!

ಪಾಠದ ಸಾರ

ಮೊದಲು ಕೆಲಸ ಗೊತ್ತುಮಾಡಿ. ಆಮೇಲೆ ನೆರವು ಯಾರೆಂದು ನೋಡಿ. ಅನಂತರ ಭಾಷೆ, ಕಡೆಗೆ ಬೋರ್ಡು. ಈ ಸಾಲನ್ನು ತಿರುವುಮುರುವು ಮಾಡಿದರೆ ದುಡ್ಡು ಪೋಲು.

ಅಭ್ಯಾಸ

1. ನಿಮ್ಮ ತೋಟದಲ್ಲಿ ದಿನವೂ ತಿಳಿಯಬೇಕಾದ ಒಂದೇ ಒಂದು ಅಂಕಿ ಯಾವುದು? ಒಂದು ವಾಕ್ಯದಲ್ಲಿ ಬರೆಯಿರಿ.
2. ಆಲಿಕೆಯ ಬಾಯಿ 100 ಚದರ ಸೆಂಟಿಮೀಟರ್, ಬಟ್ಟಲು 5 ಮಿಲಿಲೀಟರ್ ಇದ್ದರೆ ಒಂದು ಮಗುಚಿಗೆ ಎಷ್ಟು ಮಳೆ? (ಉತ್ತರ: 0.5 ಮಿಲಿಮೀಟರ್)
3. ಪ್ರೋಗ್ರಾಮ್ ಬರೆಯುವ ಮುನ್ನ ಯಂತ್ರ ಮಾಡಬೇಕಾದುದನ್ನು ಹತ್ತು ಸಾಲು ಕನ್ನಡದಲ್ಲಿ ಬರೆಯಿರಿ. ಅದು ಸ್ಪಷ್ಟವಾಗಿ ಬಂದರೆ ಅರ್ಧ ಪ್ರೋಗ್ರಾಮ್ ಆದಂತೆ.

ಮಾಡಿ ನೋಡಿದವರು ತಮ್ಮ ಅಂಕಿಗಳನ್ನೂ, ಬಂದ ತೊಡಕುಗಳನ್ನೂ ನಮಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಎರೆ ಹೊಲದವರ ಅಂಕಿಯೂ ಮಸಾರಿಯವರ ಅಂಕಿಯೂ ಒಂದೆಡೆ ಸೇರಿದರೆ ಐದೂ ತಾಲ್ಲೂಕಿನವರಿಗೆ ಉಪಯೋಗವಾದೀತು.